ಔರಾದ ರಸ್ತೆಯ ಕರಿ ಹೊಗೆ

ಬೀದರದ ಗಾಂಧಿ ಗಂಜ್ ಪೇಟೆಯೊಳಗೆ ಸುಲಭಾ ಬುಲೆಟ್ ತಿರುಗಿಸಿದಾಗ ತೊಗರಿ ಚೀಲ ಹೊತ್ತ ಹಮಾಲರು ಮೂಗಿಗೆ ಟವೆಲ್ ಅಡ್ಡ ಹಿಡಿದು ದಾರಿ ಬಿಟ್ಟರು. ಗಾಡಿಯ ಹಿಂದೆ ಕರಿ ಹೊಗೆ, ಗಾಡಿಯ ಮೇಲೆ ಅವಳ ಮುಖ. ಎರಡರಲ್ಲಿ ಯಾವುದು ಹೆಚ್ಚು ಕಪ್ಪಗಿತ್ತು ಎಂದು ಹೇಳುವುದು ಕಷ್ಟವಿತ್ತು.

ಮಚ್ಛೇಂದ್ರ ತನ್ನ ಗ್ಯಾರೇಜಿನ ಬಾಗಿಲಲ್ಲಿ ಕುಳಿತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ಹೊಗೆ ನೋಡಿದ. ಅವಳನ್ನು ನೋಡಿದ. ಮತ್ತೆ ಚಹಾ ಊದತೊಡಗಿದ.

“ಮಿಸ್ತ್ರಿ, ಏನ್ರಿ ಇದು?”

“ಬುಲೆಟ್ ಅದರಿ.”

“ಅದು ಕುರುಡರಿಗೂ ಕಾಣ್ತದ. ನಾ ಕೇಳ್ಲಾಕತ್ತಿದ್ದು, ಇದು ಗಾಡಿಯೋ ಇಟ್ಟಂಗಿ ಭಟ್ಟಿಯೋ ಅಂತ.”

“ನನ್ನ ಕಡಿಂದ ಹೋಗುಮುಂದ ಗಾಡೀನೇ ಇತ್ತು. ಭಾಲ್ಕಿಗಿ ಹೋಗಿ ಭಟ್ಟಿ ಆಗಿದ್ರ ನನಗೇನು ಗೊತ್ತು, ಡಾಕ್ಟರಬಾಯಿ?”

‘ಡಾಕ್ಟರಬಾಯಿ’ ಎನ್ನುವಾಗ ಅವನ ಎಡ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಆ ಹುಬ್ಬು ಕಂಡರೆ ಸುಲಭಾಳಿಗೆ ಮೈ ಉರಿಯುತ್ತಿತ್ತು. ಚಳಿಗಾಲದಲ್ಲಿ ಇದೇ ಹುಬ್ಬು ನೋಡಲಿಕ್ಕೆ ಇಲ್ಲದ ನೆಪ ಹುಡುಕಿ ತಾನು ಭಾಲ್ಕಿಯಿಂದ ಬೀದರಕ್ಕೆ ಬರುತ್ತಿದ್ದದ್ದು ನೆನಪಾದರಂತೂ ಇನ್ನಷ್ಟು ಉರಿಯುತ್ತಿತ್ತು.

ಸುಲಭಾ ಔರಾದ ತಾಲೂಕಿನ ದನದ ಡಾಕ್ಟರು. ಮನೆ ಭಾಲ್ಕಿಯಲ್ಲಿ. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ ಅದು. ಔರಾದದ ಹಳ್ಳಿಗಳಲ್ಲಿ ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಪುಣೆಗೋ ಹೈದರಾಬಾದಿಗೋ ಹೊರಟುಹೋಗಿತ್ತು. ಹಿಂದೆ ಉಳಿದ ದೇವಣಿ ತಳಿಯ ಎತ್ತು, ಆಕಳು ಮೇವಿನ ಶಿಬಿರಗಳಲ್ಲಿದ್ದವು. ಒಂದು ಶಿಬಿರದಿಂದ ಇನ್ನೊಂದಕ್ಕೆ ದಿನಕ್ಕೆ ನೂರು ಕಿಲೋಮೀಟರ್ ತಿರುಗಬೇಕು. ಬಸ್ಸು ನಂಬಿಕೊಂಡರೆ ಆಕಳು ಸತ್ತ ಮೇಲೆ ಮುಟ್ಟಬೇಕು.

ಬುಲೆಟ್ಟು ಅವಳ ತಂದೆ, ಅವಳು ಬಾಬಾ ಎನ್ನುವ ಭಾಲಚಂದ್ರರಾಯರದು. ಅವರು ಮಾಸ್ತರಿಕೆಗೆ ಸೇರಿದ ವರ್ಷ ಕೊಂಡದ್ದು, ಈಗ ನಲವತ್ತು ವರ್ಷದ ಮುದುಕ. ಅದರ ಹಳೇ ಎಂಜಿನ್ನಿಗೆ ಕಿಕ್ ಹೊಡೆದರೆ ಅದು ತಿರುಗಿ ಹೊಡೆಯುತ್ತಿತ್ತು. ಕಳೆದ ದೀಪಾವಳಿಯಲ್ಲಿ ಹಾಗೆ ಹೊಡೆದು ಸುಲಭಾಳ ಹಿಮ್ಮಡಿ ಕುಂಬಳಕಾಯಿಯಾಯಿತು. ಆಗ ಮಚ್ಛೇಂದ್ರ, ಅಪಘಾತದಲ್ಲಿ ಜಜ್ಜಿಹೋದ ಒಂದು ಹೊಸ ಗಾಡಿಯ ಎಂಜಿನ್ ತಂದು ಹಳೇ ಮೈಗೆ ಕೂಡಿಸಿದ. ಬಟನ್ ಒತ್ತಿದರೆ ಚಾಲೂ. ಕಾರ್ಬೊರೇಟರ್ ಇಲ್ಲ, ಇಂಜೆಕ್ಟರ್. ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಒಂದು ಕಂಪ್ಯೂಟರ್ ಡಬ್ಬಿ ಲೆಕ್ಕ ಹಾಕುತ್ತದೆ. ಇಂಥ ಕಸಿ ಮಾಡಬಲ್ಲವನು ಜಿಲ್ಲೆಯಲ್ಲಿ ಅವನೊಬ್ಬನೇ ಎಂದು ಹೆಸರಿತ್ತು.

ಆ ಕೆಲಸ ನಡೆದ ಐದು ತಿಂಗಳು ಅವಳು ವಾರಕ್ಕೆರಡು ಸಲ ಬಂದು ಬ್ಯಾಟರಿ ಬೆಳಕು ಹಿಡಿದಳು. ಅವನು ಅವಳಿಗೆ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಹೊಟ್ಟೆ ತಿಳಿಯುವುದು ಕಲಿಸಿದ. ಅವಳು ಅವನಿಗೆ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದು ಕಲಿಸಿದಳು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ.

ಗಾಡಿ ತಯಾರಾದದ್ದು ಯುಗಾದಿಯ ದಿನ. ಸುಲಭಾ ಮುಂಜಾನೆಯೇ ಆರತಿ ತಟ್ಟೆ, ಕಾಯಿ, ಹೂವಿನ ಹಾರ ಹಿಡಿದು ಬಂದಳು. ತಲೆಯಲ್ಲಿ ಮಲ್ಲಿಗೆ. ಆ ಮಲ್ಲಿಗೆ ಗಾಡಿಗೋಸ್ಕರ ಮುಡಿದದ್ದಲ್ಲ. ಮಚ್ಛೇಂದ್ರ ಮಲ್ಲಿಗೆ ಬಿಟ್ಟು ತಟ್ಟೆ ನೋಡಿದ.

“ಪೂಜಾ ಇಲ್ಲಿ ಬ್ಯಾಡ್ರಿ,” ಅಂದ. “ನಮ್ಮಲ್ಲಿ ಮಾಡೂದಿಲ್ಲ. ಮತ್ತ ಇದು ಹಳೇ ಎಂಜಿನ್ ಅಲ್ಲ, ಮನ್ಯಾಗೂ ಇದರ ಮ್ಯಾಲ ನೀರು ಸುರೀಬ್ಯಾಡ್ರಿ.”

ಅವನ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮಲ್ಲಿಗೆ ಮುಡಿದು ಬಂದವಳಿಗೆ ಅಷ್ಟೆಲ್ಲ ವಿವೇಕ ಎಲ್ಲಿಂದ ಬರಬೇಕು? ಅವಳಿಗೆ ಕೇಳಿಸಿದ್ದು ‘ಬ್ಯಾಡ್ರಿ’ ಎಂಬುದೊಂದೇ. ಮನೆಗೆ ಹೋಗಿ, ಹಟಕ್ಕೆ, ಒಂದರ ಬದಲು ಎರಡು ಕಾಯಿ ಒಡೆದು ಪೂಜೆ ಮಾಡಿದಳು.

ಹದಿನೈದು ದಿನಕ್ಕೆ ಗಾಡಿ ಹೊಗೆ ಕಾರಲು ಶುರು ಮಾಡಿತು. ಸಿಟ್ಟು ಅವಳಿಗೆ ಮೊದಲೇ ಮೂಗಿನ ತುದಿಯಲ್ಲಿತ್ತು. ಬೀದರ ಬುಲೆಟ್ ಸವಾರರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ಹಳೇ ಗಾಡಿ ಇದ್ದವರು ಗಂಜಿನ ಮಚ್ಛೇಂದ್ರ ಮಿಸ್ತ್ರಿ ಹತ್ತಿರ ಹೋಗಬೇಡಿ, ನನ್ನ ತಂದೆಯ ಗಾಡಿ ಹಾಳು ಮಾಡಿದ್ದಾನೆ. ನೂರಾ ಹನ್ನೆರಡು ಮಂದಿ ಓದಿದರು. ಅದರಲ್ಲಿ ಮಚ್ಛೇಂದ್ರನೂ ಒಬ್ಬ. ಅವನು ಉತ್ತರ ಬರೆಯಲಿಲ್ಲ.

“ಗುಂಪಿನ್ಯಾಗ ಬರದೀರಿ,” ಅಂದ ಈಗ, ಬಸಿ ಕೆಳಗಿಟ್ಟು. “ಮತ್ತ ಯಾಕ ನನ್ನ ಬಾಗಿಲಿಗೇ ತಂದ್ರಿ?”

“ಕೆಡಿಸಿದವರೇ ಸರಿ ಮಾಡಬೇಕು. ಅದು ನ್ಯಾಯ.”

ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಖಾಸಿಂ ಅಲಿ ಚಾಚಾ ಕರಿ ಕನ್ನಡಕ ಹಣೆಗೇರಿಸಿಕೊಂಡು ತಲೆ ಹೊರಹಾಕಿದ. “ಅರೇ ಲಡೋ ನಕ್ಕೋ ಬಾಬಾ, ಜಗಳ ಬ್ಯಾಡ! ಮೊದಲ ಗಾಡಿ ನೋಡೋ ಮಚ್ಛೇಂದ್ರಾ. ಬೇಟಿ ಬಿಸಿಲಾಗ ಬಂದಾಳ.”

“ಬೇಟಿಗಿ ಬಿಸಿಲು ತಾಗೂದಿಲ್ಲ ಚಾಚಾ, ಬಿಸಿಲಿಗೇ ಬೇಟಿ ತಾಗ್ತಾಳ,” ಎಂದು ಮಚ್ಛೇಂದ್ರ ಪ್ಲಗ್ ಬಿಚ್ಚುವ ಪಾನಾ ಹುಡುಕಿಕೊಂಡ. “ನಡೀರಿ, ಓಡಿಸಿ ನೋಡೂಣು. ನೀವು ಓಡಿಸ್ರಿ, ನಾ ಹಿಂದ ಕೂಡ್ತೇನಿ.”

ಔರಾದ ರಸ್ತೆಯಲ್ಲಿ ಅವನು ಅವಳಿಗೂ ತನಗೂ ನಡುವೆ ಒಂದು ಗೇಣು ಜಾಗ ಬಿಟ್ಟು ಕೂತಿದ್ದ. ತಗ್ಗು ಬಂದಾಗ ಗೇಣು ನಾಲ್ಕು ಬೆರಳಾಗುತ್ತಿತ್ತು. ಅವನು ಕೆಮ್ಮಿ ಮತ್ತೆ ಹಿಂದೆ ಸರಿಯುತ್ತಿದ್ದ. ಬಲಗಡೆ ಕನ್ನಡಿಯಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು. ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು ಎಂಜಿನ್ನಿನ ಸಪ್ಪಳಕ್ಕೆ ಕಿವಿ ಕೊಟ್ಟಿದ್ದ.

“ಕನ್ನಡಿ ರಸ್ತಾ ನೋಡ್ಲಾಕ ಇರ್ತದರಿ.”

“ರಸ್ತಾನೇ ನೋಡ್ಲಾಕತ್ತೀನಿ. ನಡುವ ನಿಮ್ಮ ತಲಿ ಬಂದ್ರ ನಾ ಏನ್ ಮಾಡ್ಲಿ?”

“ತಲಿ ತೆಗದು ಕಿಸೆದಾಗ ಇಟ್ಕೋಲೇನು?”

“ಇಟ್ಕೋರಿ. ಅದರಿಂದ ಉಪಯೋಗ ಅಷ್ಟರಾಗೇ ಅದ.”

ಹದಿನೈದು ಕಿಲೋಮೀಟರ್ ಆದ ಮೇಲೆ ಅವನು ಭುಜ ತಟ್ಟಿದ. ಅವಳು ಕ್ಲಚ್ ಹಿಡಿದು, ಓಡುವಾಗಲೇ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಉರುಳಿಸಿಕೊಂಡು ಬೇವಿನ ಮರದ ಕೆಳಗೆ ತಂದಳು. ಹೀಗೆ ನಿಲ್ಲಿಸಿದರೆ ಮಾತ್ರ ಪ್ಲಗ್ ಓಟದ ಬಣ್ಣ ತೋರಿಸುತ್ತದೆ. ಅವನೇ ಕಲಿಸಿದ್ದು. ಅವನು ಬಟ್ಟೆ ಹಿಡಿದು ಪ್ಲಗ್ ಬಿಚ್ಚಿದ. ಬಟ್ಟೆ ಜಾರಿತು. ಸುಡುವ ಪ್ಲಗ್ ಎರಡು ಬೆರಳಿಗೆ ಅಂಟಿ ನೆಲಕ್ಕೆ ಬಿತ್ತು.

ಅವನು ಬೈಗುಳವೊಂದನ್ನು ನುಂಗಿಕೊಂಡ. ಸುಲಭಾ ತನ್ನ ಚೀಲದಿಂದ ಮುಲಾಮು ತೆಗೆದು, ಹೇಳದೆ ಕೇಳದೆ ಅವನ ಕೈ ಎಳೆದು ಹಚ್ಚಿದಳು. ಬೆರಳಿನ ಗೆಣ್ಣುಗಳ ನಡುವೆ ಎಂದೂ ಹೋಗದ ಕರಿ ಎಣ್ಣೆ. ಅವಳ ಹೆಬ್ಬೆರಳು ಅಲ್ಲಿ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅವನ ಉಸಿರು ಅವಳ ಹಣೆಯ ಕೂದಲಿಗೆ ತಾಗುತ್ತಿತ್ತು, ಅವಳು ತಲೆ ಎತ್ತಲಿಲ್ಲ.

“ತಂಪ ಅದ,” ಅಂದ ಅವನು, ಮೆಲ್ಲಗೆ. “ಏನಿದು?”

“ಎಮ್ಮಿ ಕೆಚ್ಚಲಿಗಿ ಹಚ್ಚೂದು.”

ಅವನು ಕೈ ಕಿತ್ತುಕೊಂಡ. ನೆಲದ ಮೇಲಿದ್ದ ಪ್ಲಗ್ ಅಡುಗೆಮನೆಯ ಮಸಿಯಂತೆ ಕರ್ರಗಿತ್ತು. ಪೆಟ್ರೋಲ್ ಬೇಕಾದದ್ದಕ್ಕಿಂತ ದುಪ್ಪಟ್ಟು ಹೋಗುತ್ತಿದೆ, ಅಷ್ಟು ಖರೆ. ಯಾಕೆ ಎಂಬುದು ಗೊತ್ತಿಲ್ಲ.

ಅಷ್ಟರಲ್ಲಿ ಔರಾದ ಕಡೆಯಿಂದ ಒಂದು ಜೀಪು ಬಂದು ನಿಂತಿತು. ಮೇಲೆ ಕೊಡ, ಹಾಸಿಗೆ ಸುರುಳಿ, ಕಾಲು ಮೇಲೆ ಮಾಡಿದ ಹೊರಸು. ಒಳಗೆ ಹದಿನೆಂಟು ಮಂದಿ. ಕಿಟಕಿಯಿಂದ ಜಿಜಾಬಾಯಿ ತಲೆ ಹಾಕಿದಳು. ಅವಳ ಆಕಳು ಸುಲಭಾಳ ಶಿಬಿರದಲ್ಲಿತ್ತು.

“ಡಾಕ್ಟರಬಾಯಿ, ನಮ್ಮ ಗೌರಿ ಮೇವು ತಿಂತದೇನ್ರಿ?”

“ತಿಂತದ ಬಾಯಿ. ನಿಮ್ಮ ದಾರಿ ನೋಡ್ತದ.”

“ಎಲ್ಲಿ ದಾರಿ ನೋಡ್ತದ, ಅದಕ್ಕ ಹೊಟ್ಟಿ ತುಂಬಿದ್ರ ಸಾಕು,” ಎಂದು ಜಿಜಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮಚ್ಛೇಂದ್ರನ ಗುರುತು ಹತ್ತಿತು. “ಏನೋ ಮಿಸ್ತ್ರಿ, ಮಂಗಳವಾರ ನೀನೂ ಪುಣೆಗಿ ಬರ್ತೀಯಂತ? ದುಕಾನ್ ಬಂದ್ ಮಾಡ್ತೀಯಂತ?”

“ಹೂಂ ಕಾಕು. ಬರ್ತೇನಿ.”

ಜೀಪು ಹೋಯಿತು. ಧೂಳು ಕೂತ ಮೇಲೂ ಸುಲಭಾ ರಸ್ತೆ ನೋಡುತ್ತಲೇ ಇದ್ದಳು. ಪುಣೆ ಎಂಬ ಮಾತು ಅವಳಿಗೆ ನಾಟಿತ್ತು. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಸಿಟ್ಟು ತರಿಸಿತು.

“ಮಳಿಗಾಲಕ್ಕ ತಿರುಗಿ ಬರ್ತೀರಿ?”

“ಹೊಲ ಇದ್ದವರು ಮಳಿಗಿ ಬರ್ತಾರ. ನನಗ ಹೊಲ ಇಲ್ಲ, ಗಿರಾಕಿ ಇದ್ರು.” ಅವನು ಪ್ಲಗ್ ತಿರುವಿ ಕೂಡಿಸುತ್ತ ಅವಳ ಕಡೆ ನೋಡದೆ ಹೇಳಿದ. “ಮೂರು ಗಾಡಿ ಬರೂವು ಇದ್ವು. ನಿಮ್ಮ ಮಾತು ಓದಿ ಮೂರೂ ಮಂದಿ ಬ್ಯಾಡಂದ್ರು. ಇನ್ನ ನಾ ಯಾತಕ್ಕ ಬರ್ಲಿ?”

ಅವಳ ಬಾಯಿಗೆ ಬಂದದ್ದು ಬೇರೆ. ಬಾಯಿಂದ ಬಂದದ್ದು ಬೇರೆ.

“ಹೋಗೂಕಿಂತ ಮೊದಲ ನನ್ನ ಗಾಡಿ ಸರಿ ಮಾಡ್ರಿ.”

“ಮಾಡ್ತೇನಿ. ನಿಮ್ಮ ಗಾಡಿ ಒಂದು ಸರಿ ಆತಂದ್ರ ನನಗೂ ಬೀದರಿಗೂ ಖಾತೆ ಬರಖಾಸ್ತ.”

ಮರುದಿನ, ಶುಕ್ರವಾರ, ಅವನು ಗಾಳಿಯ ಫಿಲ್ಟರ್ ಬಿಚ್ಚಿ ಕೊಡವಿದ. ಮೂರು ಹಳ್ಳಿಯ ಧೂಳು ಬಂತು. ಹೊಗೆ ಹೋಗಲಿಲ್ಲ. ಇಂಜೆಕ್ಟರ್ ತೆಗೆದು ಸೋರುತ್ತದೆಯೇ ನೋಡಿದ. ಸೋರುತ್ತಿರಲಿಲ್ಲ. ಸೈಲೆನ್ಸರಿನ ಮೂತಿಯಲ್ಲಿ ಹೊಗೆ ಮೂಸಿ ನೋಡುವ ಸೆನ್ಸರನ್ನು ಬೇರೆ ಗಾಡಿಯಿಂದ ತಂದು ಹಾಕಿದ. ಪ್ಲಗ್ ಮತ್ತೆ ಕರಿ. ಸುಲಭಾ ಪಕ್ಕದಲ್ಲಿ ಕೈಕಟ್ಟಿ ನಿಂತು, ಒಂದೊಂದು ಸಲ ಸೋತಾಗಲೂ ಒಂದೊಂದು ನಿಟ್ಟುಸಿರು ಬಿಟ್ಟಳು. ಜೋರಾಗಿ.

“ಉಸುರು ಉಳಿಸಿ ಇಟ್ಕೋರಿ, ಫಿಲ್ಟರ್ ಊದ್ಲಾಕ ಬೇಕಾಗ್ತದ.”

“ಕುಣೀಲಾರದವರಿಗಿ ನೆಲ ಡೊಂಕು.”

ಖಾಸಿಂ ಚಾಚಾ ಗೋಡೆಯಾಚೆಯಿಂದ ನಕ್ಕ ಸಪ್ಪಳ ಕೇಳಿಸಿತು.

ಶನಿವಾರ ಅವಳು ಬಂದಾಗ ಗ್ಯಾರೇಜಿನ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಅದನ್ನು ನೋಡಿ ನೋಡದಂತೆ ಮಾಡಿ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು.

“ಒಂದು ಮಾತು. ಮುಂಜಾನೆ ತಣ್ಣಗ ಇದ್ದಾಗ ಗಾಡಿ ಪಸಂದ ಓಡ್ತದ. ಬಿಸಿ ಆತಂದ್ರ ಹೊಗಿ ಚಾಲೂ.”

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೇನು? ನಮ್ಮ ದನಾನೂ ಬಾಯಿಬಿಟ್ಟು ಹೇಳೂದಿಲ್ಲ. ನಾ ಕೇಳ್ತೇನಿ.” ಸ್ವಲ್ಪ ತಡೆದು ಅಂದಳು, “ಹ್ವಾದ ವರ್ಷ ನನ್ನ ಥರ್ಮಾಮೀಟರ್ ಕೆಟ್ಟಿತ್ತು. ಸುಡೂ ಜ್ವರ ಇದ್ದ ದನಕ್ಕೂ ಮೈ ತಣ್ಣಗ ಅದ ಅಂತ ತೋರಸ್ತಿತ್ತು. ನಾ ಅದನ್ನ ನಂಬಿ ಔಷಧ ಬದಲಿ ಬದಲಿ ಕೊಟ್ಟೆ. ನಿಮ್ಮ ಎಂಜಿನ್‌ಗಿ ಥರ್ಮಾಮೀಟರ್ ಇರ್ತದೇನು?”

ಮಚ್ಛೇಂದ್ರನ ಕೈಯಲ್ಲಿದ್ದ ಪಾನಾ ಅಲ್ಲೇ ನಿಂತಿತು. ಅವನು ಅವಳನ್ನು ನೋಡಿದ. ಹುಬ್ಬು ಏರಲಿಲ್ಲ, ತುಟಿ ಕೊಂಕಲಿಲ್ಲ. ಚಳಿಗಾಲದಲ್ಲಿ ನೋಡುತ್ತಿದ್ದ ಹಾಗೆ ನೋಡಿದ. ಸುಲಭಾಳ ಕಿವಿ ಬಿಸಿಯಾಯಿತು.

“ಇರ್ತದ,” ಅಂದ. “ಹೊಸಾದು ಹಾಕೀನಿ ಅಂತ ಅದನ್ನ ಮುಟ್ಟೇ ಇಲ್ಲ. ಎಂಥಾ ಕತ್ತೆ ನಾ!”

ಎಂಜಿನ್ನಿನ ತಲೆಯ ಪಕ್ಕದಲ್ಲಿ ಅಡಿಕೆಯಷ್ಟು ದೊಡ್ಡ ಸೆನ್ಸರ್. ಅದರಿಂದ ಬಂದ ವೈರು ಒಂದು ಕಪ್ಲರಿನಲ್ಲಿ, ವೈರು ಜೋಡಿಸುವ ಪ್ಲಾಸ್ಟಿಕ್ ಗೂಡಿನಲ್ಲಿ, ಸೇರುತ್ತದೆ. ಅವನು ಬಿಸಿ ಎಂಜಿನ್ನಿಗೆ ಮೀಟರ್ ಹಚ್ಚಿದ. ಕೈ ಇಟ್ಟರೆ ಬೊಕ್ಕೆ ಏಳುವಷ್ಟು ಕಾದ ಎಂಜಿನ್ನು ಮೀಟರಿನಲ್ಲಿ ಮಂಜುಗಡ್ಡೆಯಂತೆ ಕಾಣಿಸಿತು.

“ನೋಡ್ರಿ. ಎಂಜಿನ್ ಚಳಿಗಿ ನಡುಗ್ಲಾಕತ್ತದ ಅಂತ ಡಬ್ಬಿಗಿ ಸುದ್ದಿ ಹೋಗ್ತದ. ತಣ್ಣನ ಎಂಜಿನ್‌ಗಿ ಪೆಟ್ರೋಲ್ ಜಾಸ್ತಿ ಬೇಕು. ಅದು ಪಾಪ ಸುರೀತದ, ಸುರೀತದ, ಸುರೀತದ.” ಹೇಳುತ್ತ ಹೇಳುತ್ತ ಕಪ್ಲರ್ ಎಳೆದು ಬಿಚ್ಚಿದ. ಬೆಳಕಿಗೆ ಹಿಡಿದ.

ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು. ಅದರ ಸುತ್ತ ಬೆಲ್ಲದ ಪಾಕ ಒಣಗಿದಂಥ ಅಂಟು. ಅಂಟಿನಲ್ಲಿ ಸತ್ತ ಇರುವೆಗಳು. ಇರುವೆಗಳ ನಡುವೆ ಒಂದು ಎಳೆ ಕಂದು ನಾರು.

“ಮಳಿ ನೀರಲ್ಲ, ಮಳಿನೇ ಬಂದಿಲ್ಲ,” ಅವನು ತನ್ನಷ್ಟಕ್ಕೆ ಅನ್ನುವಂತೆ ಅಂದ. “ತೊಳದ ನೀರೂ ಅಲ್ಲ. ಕುಡೀಲಾಕೇ ಇಲ್ಲ, ಗಾಡಿ ಯಾರು ತೊಳೀತಾರ? ಇರಿವಿ ಬಂದಾವಂದ್ರ ಏನೋ ಸಿಹಿ ಬಿದ್ದದ.” ತಲೆ ಎತ್ತಿದ. “ಪೂಜಾ ಮಾಡಿದ್ರೇನ್ರಿ?”

ಸುಲಭಾಳ ಕಣ್ಣ ಮುಂದೆ ಯುಗಾದಿಯ ಅಂಗಳ ಬಂದು ನಿಂತಿತು. ನೀರು ಸುರೀಬ್ಯಾಡ ಅಂದಾನ, ಇದೇನು ನೀರಲ್ಲವಲ್ಲ ಎಂದು ಹಲ್ಲು ಕಚ್ಚಿ, ಎರಡು ಕಾಯಿಯ ನಾಲ್ಕು ಹೋಳು ಎತ್ತಿ, ಒಂದು ಹನಿ ಬಿಡದಂತೆ ಎಂಜಿನ್ನಿನ ತಲೆಯ ಮೇಲೆ ಬಗ್ಗಿಸಿದ್ದಳು. ಹಟ ಮಾಡಿ. ಅವನಿಗೆ ತಾಗಲಿ ಎಂದು.

ಗೋಡೆಯಾಚೆ ವೆಲ್ಡಿಂಗ್ ಸಪ್ಪಳ ನಿಂತಿತ್ತು. ಚಾಚಾ ಕೇಳಿಸಿಕೊಳ್ಳುತ್ತಿದ್ದ. ನೂರಾ ಹನ್ನೆರಡು ಮಂದಿಯ ಮುಂದೆ ಅವನ ಮಾನ ತೆಗೆದವಳು ಈಗ ಹೌದು ಅಂದರೆ ತನ್ನ ಮುಖ ಎಲ್ಲಿಡಬೇಕು?

“ಇಲ್ಲ,” ಅಂದಳು.

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಬಗ್ಗಿ ನಾರನ್ನು ಉಫ್ ಎಂದು ಊದಿಬಿಟ್ಟ.

“ಹಂಗಾದ್ರ ನನ್ನ ತಪ್ಪೇ ಇರಬೇಕು,” ಅಂದ, ಚಾಚಾನಿಗೂ ಕೇಳುವ ಹಾಗೆ. “ಕಪ್ಲರ್‌ಗಿ ರಬ್ಬರ್ ಟೊಪ್ಪಿಗಿ ಹಾಕಬೇಕಿತ್ತು.”

ಪಿನ್ನು ಉಜ್ಜಿದ, ಸ್ಪ್ರೇ ಹೊಡೆದ, ಟೊಪ್ಪಿಗೆ ಹಾಕಿದ. ಗಾಡಿ ಚಾಲೂ ಆಯಿತು. ಹೊಗೆ ಇಲ್ಲ. ದುಗು ದುಗು ಎಂದು ಶಾಂತವಾಗಿ, ಮುಪ್ಪಿನಲ್ಲಿ ಸುಖ ಕಂಡವರ ಹಾಗೆ ಮಾತಾಡುತ್ತಿತ್ತು. ಕೀಲಿಕೈಯನ್ನು ಅವನು ಅವಳ ಕೈಗೆ ಕೊಡಲಿಲ್ಲ, ಸೀಟಿನ ಮೇಲೆ ಇಟ್ಟ.

ಭಾನುವಾರ ಅವಳು ಶಿಬಿರಗಳನ್ನೆಲ್ಲ ಸುತ್ತಿದಳು. ಗಾಡಿ ಎಲ್ಲೂ ಕೆಮ್ಮಲಿಲ್ಲ. ಸಂತಪೂರದ ಹತ್ತಿರ ತಾನೇ ಪ್ಲಗ್ ಬಿಚ್ಚಿ ನೋಡಿದಳು, ಬಿಸ್ಕತ್ತಿನ ಬಣ್ಣ, ಎಂಜಿನ್ ಸರಿ ಇದೆಯೆಂಬ ಗುರುತು. ಅದನ್ನು ನೋಡಿ ಹುಡುಗಿ ಖುಷಿ ಪಡಬೇಕೋ ಬೇಡವೋ? ರಸ್ತೆ ಬದಿಯಲ್ಲಿ ಕೂತು ಗಳಗಳ ಅತ್ತಳು. ಕುರಿ ಕಾಯುವ ಮುದುಕನೊಬ್ಬ ಗಾಡಿ ಕೆಟ್ಟಿದೆಯೆಂದು ತಿಳಿದು ದೂಡಲಿಕ್ಕೆ ಬಂದ.

ಸಂಜೆ ಭಾಲ್ಕಿಯ ಮನೆಯಲ್ಲಿ ಬಾಬಾ ಜೋಳ ಹಸನು ಮಾಡುತ್ತ ಕೂತಿದ್ದರು. ಸುಲಭಾ ಎದುರು ಕೂತು ಎಲ್ಲ ಹೇಳಿದಳು. ಎರಡು ಕಾಯಿಯ ಮಾತಿಗೆ ಭಾಲಚಂದ್ರರಾಯರು ಜೋಳ ಚೆಲ್ಲುವ ಹಾಗೆ ನಕ್ಕರು. ‘ಇಲ್ಲ ಅಂತ ಸುಳ್ಳು ಹೇಳಿದೆ’ ಎಂಬಲ್ಲಿ ನಗು ನಿಂತಿತು.

“ಕೋಪದಾಗ ಕೊಯ್ದ ಮೂಗು ಶಾಂತ ಆದಮ್ಯಾಲ ಬರ್ತದೇನವಾ?”

“ಬಾಬಾ, ಇನ್ನೊಂದು ಅದ. ಅವರು ಹೋದ್ರ ನನಗ ಇರ್ಲಾಕ ಆಗೂದಿಲ್ಲ.”

ಬಾಬಾ ಒಂದು ಕಲ್ಲು ಹುಡುಕಿ ತೆಗೆದು ಬದಿಗಿಟ್ಟರು. “ಅವರು ಬುದ್ಧನ್ನ ನಂಬೂ ಮಂದಿ. ನಿನ್ನ ಕಾಕಾಗೋಳು ಏನಂತಾರ, ನಿನಗ ಗೊತ್ತದ.”

“ಕಾಕಾಗೋಳು ಬ್ಯಾಡ. ನೀವು ಏನಂತೀರಿ?”

“ನಲವತ್ತು ವರ್ಷ ಸಾಲಿಯೊಳಗ ಎಲ್ಲಾ ಮಕ್ಕಳನ್ನ ಒಂದೇ ಚಾಪಿ ಮ್ಯಾಲ ಕೂಡಿಸಿದೆ. ಈಗ ಮಗಳು ನನಗೇ ಪರೀಕ್ಷಾ ಇಡ್ಲಾಕತ್ತಾಳ.” ಅವರು ಮೊರ ಕೆಳಗಿಟ್ಟರು. “ಮೊದಲ ನಿನ್ನ ಸುಳ್ಳು ತೆಗಿ. ಮುಂದಿಂದು ಮುಂದ ನೋಡೂಣು. ನಾ ಇದ್ದೇನಿ.”

ಸುಲಭಾ ಫೋನು ತೆಗೆದು ಅದೇ ಗುಂಪಿನಲ್ಲಿ ಬರೆದಳು. ಮೂರು ಸಲ ಬರೆದು ಅಳಿಸಿದಳು. ನಾಲ್ಕನೆಯದು ಹೀಗಿತ್ತು: ‘ಮಚ್ಛೇಂದ್ರ ಮಿಸ್ತ್ರಿಯವರದು ಏನೂ ತಪ್ಪಿರಲಿಲ್ಲ. ಎಂಜಿನ್ನಿನ ಮೇಲೆ ಏನೂ ಸುರಿಯಬೇಡಿ ಎಂದು ಅವರು ಹೇಳಿದ್ದರು. ನಾನು ಸಿಟ್ಟಿಗೆ ಎರಡು ತೆಂಗಿನಕಾಯಿ ನೀರು ಸುರಿದೆ. ಸೆನ್ಸರಿನ ಕಪ್ಲರ್ ಕಿಲುಬು ಹಿಡಿಯಿತು. ನಿನ್ನೆ ಅವರು ಕೇಳಿದಾಗ ಸುಳ್ಳೂ ಹೇಳಿದೆ. ಅವರಷ್ಟು ಒಳ್ಳೆಯ ಮಿಸ್ತ್ರಿ ಬೀದರದಲ್ಲಿಲ್ಲ. ನನ್ನಷ್ಟು ಮೂರ್ಖಳೂ ಇಲ್ಲ.’

ಎರಡು ನಿಮಿಷದಲ್ಲಿ ನಗುವ ಮುಖಗಳ ಮಳೆ ಶುರುವಾಯಿತು. ನಡುವೆ ಒಬ್ಬ, ವೈಜಿನಾಥ ಅಂತ, ಮೆಲ್ಲಗೆ ಕೇಳಿದ್ದ: ನಾನೂ ಹೊಸ ಗಾಡಿಗೆ ಕಾಯಿ ನೀರು ಹಾಕಿದ್ದೆ, ನಂದೂ ಹೊಗೆ ಬಿಡುತ್ತದೆ, ಮಿಸ್ತ್ರಿ ಇದ್ದಾರೋ ಹೋದರೋ? ಮಿಸ್ತ್ರಿ ಓದಿದ್ದ ಎಂಬ ಗುರುತು ಬಂತು. ಉತ್ತರ ಬರಲಿಲ್ಲ.

ಸೋಮವಾರ ಮುಂಜಾನೆ ಎಂಟಕ್ಕೆ ಅವಳು ಗಂಜಿಗೆ ಬಂದಾಗ ಮಚ್ಛೇಂದ್ರ ಏಣಿ ಹತ್ತಿ ಬೋರ್ಡು ಬಿಚ್ಚುತ್ತಿದ್ದ. ಒಂದು ಮೊಳೆ ಬಿಟ್ಟಿತ್ತು, ಇನ್ನೊಂದು ಉಳಿದಿತ್ತು. ಬೋರ್ಡು ಓರೆಯಾಗಿ ಜೋತುಬಿದ್ದಿತ್ತು.

“ಕೆಳಗ ಇಳೀರಿ.”

“ಯಾಕ? ಇನ್ನೇನು ಬರೀಲಾಕ ಉಳದದ?”

“ಓದೀರಲ್ಲ?”

“ಓದೀನಿ. ಚಂದ ಬರದೀರಿ.” ಅವನು ಮೊಳೆಗೆ ಸುತ್ತಿಗೆ ಹಚ್ಚಿದ.

“ಕ್ಷಮಾ ಕೇಳ್ಲಾಕ ಬಂದೀನಿ ನಾ!”

“ಕೇಳೂದು ಹಿಂಗಾ? ಒದರ್ಲಾಕ ಬಂದೀರೇನು ಅಂತ ಮಾಡಿದ್ದೆ.”

“ಎರಡಕ್ಕೂ ಬಂದೀನಿ!” ಅವಳ ದನಿ ಒಡೆಯಿತು. “ಶನಿವಾರ ನಿಮಗ ಗೊತ್ತಿತ್ತು. ನಾರು ನೋಡಿದ ಕೂಡಲೇ ಗೊತ್ತಾಗಿತ್ತು. ಯಾಕ ಅನಲಿಲ್ಲ? ಚಾಚಾ ಇದ್ದ, ಒಂದು ಮಾತು ಅಂದಿದ್ರ ನಿಮ್ಮ ಹೆಸರು ಉಳೀತಿತ್ತು.”

ಮಚ್ಛೇಂದ್ರ ಏಣಿ ಇಳಿದ. ಹತ್ತಿರ ಬಂದು ನಿಂತ. ಅವನ ಕಣ್ಣು ಕೆಂಪಗಿದ್ದವು. ನಿದ್ದೆ ಇಲ್ಲದ ಕಣ್ಣು.

“ನಿಮ್ಮ ಬಾಯಿಂದ ಬರ್ಲಿ ಅಂತ ಕಾದೆ. ನೂರಾ ಹನ್ನೆರಡು ಮಂದಿ ಏನಂದ್ರೂ ನನಗ ನಡೀತಿತ್ತು. ಅವರು ಯಾರು ನನಗ? ಆದ್ರ ನೀವು, ನನ್ನ ಮುಂದ ನಿಂತು, ಇಲ್ಲ ಅಂದ್ರಿ.” ಅವನು ಸುತ್ತಿಗೆಯನ್ನು ಪೆಟ್ಟಿಗೆಗೆ ಎಸೆದ. “ಆಗ ಗೊತ್ತಾತು, ಇಲ್ಲಿ ಇರೂದು ಬ್ಯಾಡ ಅಂತ.”

“ಇರ್ರಿ.”

“ಯಾರಿಗೋಸ್ಕರ? ವೈಜಿನಾಥನ ಗಾಡಿಗೇನು?”

ಸುಲಭಾಳ ಬಾಯಿ ಇದೊಂದೇ ಕಡೆ ಸೋಲುತ್ತಿತ್ತು. ಮಚ್ಛೇಂದ್ರ ಕಿಸೆಯಿಂದ ಫೋನು ತೆಗೆದು, ನಂಬರು ಹಚ್ಚಿ, ಅವಳ ಮುಂದೆ ಹಿಡಿದ.

“ಪುಣೆ ಗ್ಯಾರೇಜಿನ ಸೇಠ. ನಾಳಿ ಮುಂಜಾನೆ ನಾ ಅಲ್ಲಿ ಹಾಜರಿ ಹಾಕಬೇಕು. ನಾ ಬರೂದಿಲ್ಲ ಅಂತ ನೀವೇ ಹೇಳ್ರಿ. ಯಾಕ ಅಂತ ಕೇಳ್ತಾನ, ಅದನ್ನೂ ಹೇಳ್ರಿ. ನನಗಿಂತ ನಿಮ್ಮ ಬಾಯಿ ದೊಡ್ಡದು. ಊರಿಗೆಲ್ಲಾ ಸುದ್ದಿ ಹಂಚಿದವರು ಇದೊಂದು ಹಂಚ್ರಿ.”

ಸೇಡಿಗೇ ಮಾಡಿದ್ದು ಅದು. ಅವಳು ಹೆದರಿ ಫೋನು ತಿರುಗಿ ಕೊಡುತ್ತಾಳೆ ಎಂದೇ ಅವನ ಎಣಿಕೆ. ಆದರೆ ಆ ಕಡೆ ಗಂಟೆ ಹೊಡೆಯುತ್ತಿತ್ತು, ಅವಳು ಕಿವಿಗೆ ಹಿಡಿದಾಗಿತ್ತು.

“ಹಲೋ,” ಗಡಸು ಮರಾಠಿ. “ಯಾರು?”

“ನಮಸ್ಕಾರ,” ಸುಲಭಾ ತಾನೂ ಮರಾಠಿಯಲ್ಲೇ ಅಂದಳು. “ಬೀದರದಿಂದ ಮಾತಾಡ್ತಿದ್ದೇನೆ. ಮಚ್ಛೇಂದ್ರ ಮಿಸ್ತ್ರಿ ನಾಳೆ ಬರುವುದಿಲ್ಲ.”

“ಬರುವುದಿಲ್ಲವೆಂದರೆ? ಯಾಕೆ ಬರುವುದಿಲ್ಲ? ನೀವು ಯಾರು ಹೇಳುವುದಕ್ಕೆ?”

ಗಿರಾಕಿ ಎನ್ನಬಹುದಿತ್ತು. ದನದ ಡಾಕ್ಟರು ಎನ್ನಬಹುದಿತ್ತು. ಖಾಸಿಂ ಅಲಿ ಚಾಚಾ ವೆಲ್ಡಿಂಗ್ ನಿಲ್ಲಿಸಿ ಈ ಸಲ ಬಾಗಿಲಿಗೇ ಬಂದು ನಿಂತಿದ್ದ. ಎದುರಿನ ಅಡತಿ ಅಂಗಡಿಯ ಇಬ್ಬರು ಹಮಾಲರೂ ಚೀಲ ಇಳಿಸಿ ಇತ್ತ ನೋಡುತ್ತಿದ್ದರು. ಮಚ್ಛೇಂದ್ರ ಮಾತ್ರ ಬೇರೆ ಕಡೆ ಮುಖ ಮಾಡಿ, ಈಗಾಗಲೇ ಚೊಕ್ಕವಿದ್ದ ಪಾನಾ ಒಂದನ್ನು ಉಜ್ಜುತ್ತಿದ್ದ. ಅವನ ಕಿವಿಯ ತುದಿ ಕೆಂಪಾಗಿತ್ತು.

“ನಾನು ಅವರನ್ನು ಮದುವೆ ಆಗುವವಳು,” ಅಂದಳು ಸುಲಭಾ.

ಪಾನಾ ಠಣ್ ಎಂದು ನೆಲಕ್ಕೆ ಬಿತ್ತು.

“ಹಾಗೆಂದು ಅವನು ಹೇಳಲೇ ಇಲ್ಲವಲ್ಲ!” ಸೇಠ ಕೂಗಿದ.

“ಅವರಿಗೆ ಇನ್ನೂ ಗೊತ್ತಿಲ್ಲ. ಈಗ ಇಲ್ಲೇ ನಿಂತು ಕೇಳ್ತಿದ್ದಾರೆ.”

ಸೇಠ, ಫೋನು ಅವನ ಕೈಗೆ ಕೊಡಿ ಅಂದ. ಸುಲಭಾ ಕೈ ಚಾಚಿದಳು. ಮಚ್ಛೇಂದ್ರ ಫೋನು ತೆಗೆದುಕೊಂಡ, ಫೋನಿನ ಜೊತೆಗೆ ಅವಳ ಬೆರಳುಗಳನ್ನೂ. ಎರಡನ್ನೂ ಬಿಡಲಿಲ್ಲ. ಅವಳ ಮುಖದಿಂದ ಕಣ್ಣು ತೆಗೆಯದೆ ಕಿವಿಗೆ ಹಿಡಿದ.

“ಹೂಂರಿ ಸೇಠ. ಖರೆ ಅದ. ನನಗೂ ಈಗೇ ಗೊತ್ತಾತು.” ಸೇಠ ಮತ್ತೇನೋ ಕೇಳಿದ. “ಇಲ್ರಿ. ಇನ್ನ ಬರೂದು ಆಗೂದಿಲ್ಲ.”